ಮೇಲಿನ ಒಂದು ಗೇಣು

ಹೆಸರು ಸಮಾಧಾನಪ್ಪ. ಆ ಹೆಸರನ್ನು ಇಟ್ಟ ಪುಣ್ಯಾತ್ಮ ಹುಡುಗನ ಮುಖವನ್ನು ಸರಿಯಾಗಿ ನೋಡಿರಲಿಲ್ಲ ಎಂದು ಚನ್ನಗಿರಿಯಲ್ಲಿ ಅವನನ್ನು ಬಲ್ಲವರೆಲ್ಲ ಹೇಳುತ್ತಿದ್ದರು. ಅಷ್ಟು ಹಟಮಾರಿ. ಬೋರ್ಡಿನ ಮೇಲೆ ಒಂದು ಒತ್ತಕ್ಷರ ಸ್ವಲ್ಪ ಓರೆಯಾದರೆ ಸಾಕು, ಗಿರಾಕಿ “ನಡೀತೈತೆ ಬಿಡೋ ಮಾರಾಯ” ಎಂದು ಗೋಗರೆದರೂ ಕೇಳದೆ ಇಡೀ ಸಾಲನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ ಮತ್ತೆ ಮೊದಲಿನಿಂದ ಬರೆಯುತ್ತಿದ್ದ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಅಂಗಡಿ. ಅಡಿಕೆ ಮಂಡಿಗಳ ಬೋರ್ಡು, ಲಾರಿಯ ಹಿಂಬದಿ, ಸೋಡಾ ಅಂಗಡಿಯ ಬಾಗಿಲು, ಸರ್ಕಾರದ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಎಲ್ಲವೂ ಅವನ ಕೈಯದೇ. ಆ ಕಾಲದಲ್ಲಿ ಚನ್ನಗಿರಿ ಪೇಟೆಯನ್ನು ಓದಿದವರು ಸಮಾಧಾನಪ್ಪನ ಅಕ್ಷರವನ್ನೇ ಓದುತ್ತಿದ್ದರು.

ಬೋರ್ಡು ಬರೆಸುವುದಕ್ಕೆ ಆ ಕಡೆ ಒಂದು ಪದ್ಧತಿಯಿತ್ತು. ಏನೇ ಬರೆಯಲಿ, ಮೇಲೆ ಒಂದು ಗೇಣು ಜಾಗ ದೇವರಿಗೆ. ಮಂಡಿಯವರಾದರೆ ಅಲ್ಲಿ ‘ಶ್ರೀ ಗುರುಬಸವಲಿಂಗಾಯ ನಮಃ’, ಉಳಿದವರಾದರೆ ಅವರವರ ಮನೆದೇವರು. ಆ ಸಾಲನ್ನೇ ಮೊದಲು ಬರೆಯಬೇಕು. ಊದಿನಕಡ್ಡಿ ಹಚ್ಚಿ, ಕಾಯಿ ಒಡೆದು, ಪೇಂಟರನ ಕೈಗೆ ಎಲೆ ಅಡಿಕೆ ಕೊಟ್ಟ ಮೇಲೆ ಕೆಳಗಿನ ಅಕ್ಷರಗಳಿಗೆ ಕೈ ಹಾಕಬೇಕು. ಸಮಾಧಾನಪ್ಪ ಕ್ರೈಸ್ತ. ಆದರೂ ಗೋಡೆ ಕಂಡ ಕೂಡಲೇ ಅವನ ಎಡಗೈ ತಾನಾಗಿಯೇ ಹೆಬ್ಬೆರಳಿನಿಂದ ಕಿರುಬೆರಳವರೆಗೆ ಚಾಚಿಕೊಂಡು ಮೇಲಿನ ಒಂದು ಗೇಣನ್ನು ಅಳೆದು, ಸೀಮೆಸುಣ್ಣದ ದಾರ ಹಿಡಿದು ಗೆರೆ ಹೊಡೆಯುತ್ತಿತ್ತು. ಹದಿನೇಳು ವರ್ಷದ ಅಭ್ಯಾಸ, ಅದಕ್ಕೆ ತಲೆ ಬೇಕಾಗಿರಲಿಲ್ಲ.

ಹಾಗೆ ಅನ್ಯದೇವರುಗಳ ಹೆಸರು ಬರೆಯುವುದನ್ನು ಅವನ ಸಭೆ, ಅಂದರೆ ಚನ್ನಗಿರಿಯ ಹನ್ನೊಂದು ಮನೆಗಳ ಕ್ರೈಸ್ತ ಸಭೆ, ಹೊಟ್ಟೆಪಾಡೆಂದು ಕ್ಷಮಿಸಿತ್ತು. ಒಂದು ಷರತ್ತು ಮಾತ್ರ ಇತ್ತು. ಪ್ರಾರ್ಥನಾ ಮಂದಿರದ ಮುಂದಿನ ಗೋಡೆಯ ಮೇಲೆ ಪ್ರತಿ ವರ್ಷ ಹೊಸ ವರ್ಷಕ್ಕೆ ಒಂದು ವಾಕ್ಯ ಬರೆಯುವ ವಾಡಿಕೆ. ಹಳೆಯ ವರ್ಷದ ವಾಕ್ಯಕ್ಕೆ ಸುಣ್ಣ ಬಳಿದು, ಹೊಸ ವರ್ಷಕ್ಕೆಂದು ಸತ್ಯವೇದದಿಂದ ಆರಿಸಿದ ಮಾತನ್ನು ದಪ್ಪ ನೀಲಿ ಅಕ್ಷರದಲ್ಲಿ ಬರೆಯಬೇಕು. ಆ ಕೆಲಸ ಸಮಾಧಾನಪ್ಪನದು, ಬಿಟ್ಟಿ. ಹಿರಿಯರು ಇದನ್ನು ಪ್ರಾಯಶ್ಚಿತ್ತ ಎಂದುಕೊಂಡಿದ್ದರು. ಅವನಿಗೆ ವರ್ಷದಲ್ಲಿ ಮನಸ್ಸಿಟ್ಟು ಬರೆಯುವ ಬರಹ ಇದೊಂದೇ.

ಅದಕ್ಕೆ ಕಾರಣ ಅವನ ತಾಯಿ ದುರುಗಕ್ಕ. ಜಗಳೂರು ಸೀಮೆಯ ಕೂಲಿ ಹೆಂಗಸು. ಗಂಡ ಸತ್ತ ವರ್ಷ, ಐದು ವರ್ಷದ ಮಗನನ್ನು ಕಂಕುಳಲ್ಲಿಟ್ಟುಕೊಂಡು ದೀಕ್ಷಾಸ್ನಾನ ಮಾಡಿಸಿಕೊಂಡವಳು. ಸ್ನಾನದಲ್ಲಿ ಅವಳಿಗೂ ಒಂದು ಹೊಸ ಹೆಸರು ಸಿಕ್ಕಿತ್ತು. ಆದರೆ ಆ ಹೆಸರಿನಿಂದ ಯಾರು ಕರೆದರೂ ಅವಳು ತಿರುಗಿ ನೋಡದೇ ಇದ್ದುದರಿಂದ ದುರುಗಕ್ಕ ದುರುಗಕ್ಕನಾಗಿಯೇ ಉಳಿದಳು. ಓದು ಬಾರದು. ಹೊಸ ವರ್ಷದ ದಿನ ಗೋಡೆಯ ಬಣ್ಣ ಒಣಗಿದ ಮೇಲೆ ಮುಂದೆ ಬಂದು, ಒಂದೊಂದೇ ಅಕ್ಷರವನ್ನು ಬೆರಳಿನಿಂದ ಸವರಿ, “ಇದು ನನ್ನ ಮಗನ ಕೈ” ಎಂದು ಹೇಳಿ ಹಿಂದೆ ಹೋಗಿ ಚಾಪೆಯ ಮೇಲೆ ಕೂರುತ್ತಿದ್ದಳು.

ಚಾಪೆಯ ವಿಷಯವನ್ನೂ ಹೇಳಿಬಿಡಬೇಕು. ಮಂದಿರದಲ್ಲಿ ಮುಂದೆ ನಾಲ್ಕು ಬೆಂಚು, ಹಿಂದೆ ಚಾಪೆ. ಮೂರು ತಲೆಮಾರಿನಿಂದ ಕ್ರೈಸ್ತರಾದ ಹಳೆಯ ಮನೆಗಳವರಿಗೆ ಬೆಂಚು. ಹೊಲಗದ್ದೆಗಳ ಕಡೆಯಿಂದ ನಿನ್ನೆ ಮೊನ್ನೆ ಬಂದವರಿಗೆ ಚಾಪೆ. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲ ಸಲ ಗೋಡೆಯ ವಾಕ್ಯ ಬರೆದ ವರ್ಷ ಹಿರಿಯರು ಸಮಾಧಾನಪ್ಪನನ್ನು ಕರೆದು ನಾಲ್ಕನೆಯ ಬೆಂಚಿನ ತುದಿಯಲ್ಲಿ ಕೂರಿಸಿಕೊಂಡರು. ಅವನು ಕೂತ. ತಾಯಿ ಚಾಪೆಯಲ್ಲೇ ಇದ್ದಳು. ಅದು ತಪ್ಪು ಎಂದು ಅವನಿಗೆ ಅಂದೇ ಗೊತ್ತಿತ್ತು, ಆದರೂ ಕೂತ. ತನ್ನ ಇಡೀ ಬದುಕಿನಲ್ಲಿ ನಾಚಿಕೆಪಡುವಂಥದ್ದು ಏನಾದರೂ ಇದ್ದರೆ ಅದೇ ಎಂದು ಮುಂದೆ ಅವನೇ ಹೇಳಿಕೊಳ್ಳುತ್ತಿದ್ದ.

೧೯೭೭ರ ಜನವರಿಯಲ್ಲಿ ನಲ್ಲೂರಿನ ಪಂಚಾಕ್ಷರಪ್ಪ ಅಂಗಡಿಗೆ ಬಂದರು. ಅಡಿಕೆ ವ್ಯಾಪಾರಿ, ಊರಿನ ಖಾಸಗಿ ಪ್ರೌಢಶಾಲೆಯ ಸಮಿತಿಗೆ ಅಧ್ಯಕ್ಷರು, ಮಾತು ಜೋರು, ಮನಸ್ಸು ಅಷ್ಟೊಂದು ಕೆಟ್ಟದ್ದಲ್ಲ.

“ಸಂವಿಧಾನಕ್ಕೆ ಏನೋ ಹೊಸ ಮಾತು ಸೇರಿಸ್ಯಾರಂತಲ್ಲೋ. ಅದರ ಮೊದಲನೇ ಪುಟ ಐತಲ್ಲ, ಅದನ್ನ ಶಾಲೆ ಗ್ವಾಡೆ ಮ್ಯಾಲೆ ಬರೀಬೇಕು. ಇಪ್ಪತ್ತಾರನೇ ತಾರೀಕು ಬಾವುಟ ಏರಿಸಾಕೆ ದೊಡ್ಡ ಸಾಹೇಬ್ರು ಬರ್ತಾರೆ. ಅಷ್ಟರಾಗೆ ಮುಗಿಸಿಕೊಡು.”

ಸಮಾಧಾನಪ್ಪ ಅವರು ಕೊಟ್ಟ ಹಾಳೆಯನ್ನು ಮನೆಗೆ ತಂದ. ಅವನ ಹೆಂಡತಿ ನಿರ್ಮಲಮ್ಮ ಬಾಲವಾಡಿಯ ಟೀಚರು, ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವಳು. ಅವಳು ಅಡುಗೆ ಮನೆಯ ಹೊಸ್ತಿಲ ಮೇಲೆ ಕೂತು ಅದನ್ನು ಗಟ್ಟಿಯಾಗಿ ಓದಿದಳು. ಅವನು ಎರಡನೇ ಸಲ ಓದಿಸಿದ, ಮೂರನೇ ಸಲ ಓದಿಸಿದ.

“ಮೇಲೆ ಯಾರ ಹೆಸರೂ ಇಲ್ಲೇನೆ?” ಎಂದ.

“ಇಲ್ಲ ಕಣ್ರಿ. ‘ಭಾರತದ ಜನತೆಯಾದ ನಾವು’ ಅಂತನೇ ಶುರು ಆಗ್ತೈತೆ.”

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅವನು ನಲ್ಲೂರಿಗೆ ಹೋದ. ಪಂಚಾಕ್ಷರಪ್ಪ ಮಂಡಿ ಕೆಲಸಕ್ಕೆ ಎಲ್ಲೋ ಹೋಗಿದ್ದರು. ಕಾಯಿ ಒಡೆಯುವವರಿಲ್ಲ. ಶಾಲೆಯ ಮೇಷ್ಟ್ರು, “ನೀನು ಶುರು ಮಾಡಪ್ಪ, ಹೊತ್ತಾಗ್ತೈತೆ” ಎಂದರು. ಸಮಾಧಾನಪ್ಪ ಬಿಳಿ ಬಳಿದ ಗೋಡೆಯ ಮುಂದೆ ನಿಂತ, ದಾರ ಹಿಡಿದ, ಗೆರೆ ಹೊಡೆದ, ಬ್ರಷ್ ಅದ್ದಿ ಮೊದಲ ಮಾತಿಗೆ ಕೈ ಹಾಕಿದ. ಎರಡು ದಿನ ಬರೆದ. ಪೇಂಟರನಿಗೆ ಅರ್ಥ ಕಾಣುವುದಿಲ್ಲ, ಅಕ್ಷರದ ಹೊಟ್ಟೆ, ಬಾಲ, ತಲೆಕಟ್ಟು ಅಷ್ಟೇ ಕಾಣುತ್ತವೆ. ಆದರೆ ಯಾರು ಏನನ್ನು ನಂಬಬೇಕು, ಯಾವ ದೇವರಿಗೆ ಕೈಮುಗಿಯಬೇಕು ಎಂಬುದು ಅವರವರ ಸ್ವಾತಂತ್ರ್ಯ ಎನ್ನುವ ಸಾಲಿಗೆ ಬಂದಾಗ ಮಾತ್ರ ಅವನು ಬ್ರಷ್ ಕೆಳಗಿಟ್ಟು ಒಂದು ಬೀಡಿ ಸೇದಿ ಬಂದ.

ಶನಿವಾರ ಸಂಜೆ ಪಂಚಾಕ್ಷರಪ್ಪ ಕಾಯಿ, ಊದಿನಕಡ್ಡಿ ಹಿಡಿದುಕೊಂಡು ಬಂದರು. ಗೋಡೆ ನೋಡಿ ತಲೆದೂಗಿದರು. ಆಮೇಲೆ ಮೇಲಕ್ಕೆ ನೋಡಿದರು.

“ಪದ್ಧತಿ ತಿರುವುಮುರುವು ಮಾಡಿದ್ಯಲ್ಲೋ. ಇರ್ಲಿ, ಈಗ ಬರಿ. ಶ್ರೀ ಗುರುಬಸವಲಿಂಗಾಯ ನಮಃ.”

“ಅದು ಇದರಾಗೆ ಇಲ್ಲ ಸಾವ್ಕಾರ್ರೆ.”

“ಯಾವ ಬೋರ್ಡಿನಾಗೆ ಇರ್ತೈತೋ? ನಾವು ಬರೆಸ್ತೀವಿ, ನೀನು ಬರೀತೀಯ.”

“ಬೋರ್ಡು ನಿಮ್ಮದು, ಅದರಾಗೆ ನೀವು ಹೇಳಿದ್ದು ಬರೀತೀನಿ. ಇದು ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಇದರಾಗೆ ಎಷ್ಟೈತೋ ಅಷ್ಟೇ.”

ಪಂಚಾಕ್ಷರಪ್ಪ ಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. “ಹಂಗಾದ್ರೆ ಮ್ಯಾಲೆ ಒಂದು ಗೇಣು ಜಾಗ ಯಾಕೆ ಬಿಟ್ಟೆ?”

ಸಮಾಧಾನಪ್ಪ ತಿರುಗಿ ನೋಡಿದ. ನಿಜ. ಮೊದಲ ಸಾಲಿನ ಮೇಲೆ ಅಚ್ಚುಕಟ್ಟಾಗಿ ಒಂದು ಗೇಣು ಬಿಳಿ ಗೋಡೆ, ಯಾರನ್ನೋ ಕಾಯುತ್ತಿರುವ ಹಾಗೆ. ಬಲಗೈ ಸಂವಿಧಾನ ಬರೆಯುವಾಗ ಎಡಗೈ ತನ್ನ ಹಳೆಯ ಅಭ್ಯಾಸವನ್ನು ಮಾಡಿ ಮುಗಿಸಿತ್ತು.

“ಅಭ್ಯಾಸ ಸಾವ್ಕಾರ್ರೆ. ಕೈತಪ್ಪು” ಎಂದ.

“ಕೈತಪ್ಪಲ್ಲ. ನಿನ್ನ ಕ್ರಿಸ್ತನಿಗೆ ಜಾಗ ಹಿಡಿದಿದೀಯ. ನನಗೆ ತಿಳಿಯಂಗಿಲ್ಲ ಅನ್ಕಂಡ್ಯಾ?” ಎಂದು ಹೇಳಿ ಅವರು ಕಾಯಿಯನ್ನು ಒಡೆಯದೆ ವಾಪಸು ತೆಗೆದುಕೊಂಡು ಹೋದರು. ಮೇಷ್ಟ್ರು ನಡುವೆ ಬಂದು, ದೊಡ್ಡ ಸಾಹೇಬರು ಬಂದು ಹೋಗುವವರೆಗೆ ಹೀಗೇ ಇರಲಿ ಎಂದು ಜಗಳವನ್ನು ಮುಂದಕ್ಕೆ ಹಾಕಿದರು.

ನಲ್ಲೂರಿನಲ್ಲಿ ಸೀನಿದರೆ ಚನ್ನಗಿರಿಗೆ ನೆಗಡಿ ಬರುವ ಕಾಲ ಅದು. ಮರುದಿನ ಭಾನುವಾರ ಆರಾಧನೆ ಮುಗಿದ ಕೂಡಲೇ ಹಿರಿಯ ದೇವಪುತ್ರಪ್ಪ ಎದ್ದು ನಿಂತು ಯಾರೂ ಹೋಗಬೇಡಿ ಎಂದರು. ಅವರು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಈಗ ಸೂಜಿಪೆಟ್ಟಿಗೆ ಹಿಡಿದು ಸುತ್ತಲ ಊರುಗಳಲ್ಲಿ ಇಂಜೆಕ್ಷನ್ ಕೊಡುತ್ತ ತಿರುಗುತ್ತಿದ್ದರು. ಕಾಲರಾ ಬಂದ ವರ್ಷ ಹೆದರಿ ಓಡದೆ ಊರಿನಲ್ಲೇ ನಿಂತ ಮನುಷ್ಯ. ಅವರ ಭಕ್ತಿಯಲ್ಲಿ ಕಪಟವಿರಲಿಲ್ಲ, ಅದೇ ತೊಂದರೆ.

“ಸಮಾಧಾನಪ್ಪ ದೇವರ ಹೆಸರಿಲ್ಲದ ಒಂದು ಬರಹನ ನಲ್ಲೂರಿನಾಗೆ ಬರೆದಾನೆ” ಎಂದು ಶುರು ಮಾಡಿದರು. “ಅದನ್ನ ತಪ್ಪು ಅನ್ನಲ್ಲ ನಾನು. ಆದರೆ ಮ್ಯಾಲೆ ಒಂದು ಗೇಣು ಜಾಗ ಉಳಿದೈತಂತೆ. ಅದು ಕೈತಪ್ಪಲ್ಲ, ಕರ್ತನ ಚಿತ್ತ. ಅಲ್ಲಿ ‘ಜೀವಸ್ವರೂಪನಾದ ದೇವರ ನಾಮದಲ್ಲಿ’ ಅಂತ ಬರೆದು ಬರಲಿ. ನಾಡಿನ ಬುನಾದಿಯಾಗೆ ದೇವರು ಇರಬೇಕೋ ಬ್ಯಾಡವೋ? ಮೊನ್ನೆ ಹೊಸ ಮಾತು ಬೇರೆ ಸೇರಿಸ್ಯಾರೆ, ಸರ್ಕಾರಕ್ಕೆ ಯಾವ ಧರ್ಮನೂ ಇಲ್ಲ ಅಂತ. ದೇವರಿಲ್ಲದ ಬುನಾದಿ ಉಸುಬಿನ ಮ್ಯಾಲೆ ಕಟ್ಟಿದ ಮನೆ.”

ನಿರ್ಮಲಮ್ಮ ಹೆಂಗಸರ ಸಾಲಿನಿಂದ ಎದ್ದಳು. ಸಭೆಯಲ್ಲಿ ಹೆಂಗಸರು ಮಾತಾಡುವುದು ಹಾಡಿನಲ್ಲಿ ಮಾತ್ರ. ಆದರೂ ಎದ್ದಳು.

“ಹಿರಿಯರೇ, ಸಂವಿಧಾನ ಬರೆಯೋವಾಗ ದೇವರ ಹೆಸರಿನಾಗೆ ಅಂತ ಶುರು ಮಾಡ್ಬೇಕು ಅಂತ ಒಬ್ರು ಕೇಳಿದ್ರಂತೆ. ಮತಕ್ಕೆ ಹಾಕಿದ್ರಂತೆ. ಬ್ಯಾಡ ಅನ್ನೋರೇ ಜಾಸ್ತಿ ಆದ್ರಂತೆ.”

“ದೇವರನ್ನ ಮತಕ್ಕೆ ಹಾಕ್ತಾರೇನಮ್ಮ?”

“ಬ್ಯಾಡ ಅಂದೋರಾಗೂ ದೇವರನ್ನ ನಂಬೋರು ಇದ್ರಂತೆ. ನಂಬಿಕೆ ಅನ್ನೋದು ಒಬ್ಬೊಬ್ಬರ ಮನಸಿಂದು, ಅದನ್ನ ಎಲ್ಲರ ಮ್ಯಾಲೆ ಹೇರಬಾರದು ಅಂದ್ರಂತೆ.”

ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಒಬ್ಬರು ಸತ್ಯವೇದದ ಮಾತೆತ್ತಿ, ಕೈಸರನ ಪಾಲು ಕೈಸರನಿಗೆ, ಅಂದರೆ ದೊರೆಯ ಪಾಲು ದೊರೆಗೆ, ಕೊಡಬೇಕಲ್ಲವೇ ಎಂದರು. ಇನ್ನೊಬ್ಬರು ಅಧಿಕಾರಿಗಳನ್ನು ನೇಮಿಸುವವನು ದೇವರೇ ಆದ ಮೇಲೆ ಅವನ ಹೆಸರು ಹೇಳಲು ಏನು ಕಷ್ಟ ಎಂದರು. ದೇವಪುತ್ರಪ್ಪ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಈ ಸಲ ಅವರ ದನಿಯಲ್ಲಿ ಅಂಜಿಕೆಯಿತ್ತು.

“ನಾವು ಈ ತಾಲ್ಲೂಕಿನಾಗೆ ಹನ್ನೊಂದು ಮನೆ. ಖಾಲಿ ಜಾಗ ಖಾಲಿ ಉಳಿಯಲ್ಲ ಕಣ್ರಪ್ಪ. ಇವತ್ತು ನಾವು ಬರೀದಿದ್ರೆ ನಾಳೆ ಇನ್ನೊಬ್ಬರು ಬರೀತಾರೆ. ಆಮೇಲೆ ನಾವೆಲ್ಲಿಗೆ ಹೋಗೋದು?”

ಸಮಾಧಾನಪ್ಪ ನಾಲ್ಕನೆಯ ಬೆಂಚಿನ ತುದಿಯಿಂದ ಎದ್ದ. ಅವನಿಗೆ ವಾದ ಬಾರದು. ಅವನಿಗೆ ಬರುತ್ತಿದ್ದದ್ದು ತಾನು ಕಂಡದ್ದನ್ನು ಹೇಳುವುದು ಮಾತ್ರ.

“ನಮ್ಮೂರ ಶಾಲೆ ಗುಡಿ ಮಂಟಪದಾಗೆ ನಡೀತಿತ್ತು ಹಿರಿಯರೇ. ನನ್ನನ್ನ ಬಾಗಿಲ ಹೊರಗೆ ಕೂರಿಸ್ತಿದ್ರು. ಒಳಗಿನ ಹಲಗೆ ನನಗೆ ಕಾಣ್ತಿರಲಿಲ್ಲ. ಬಾಗಿಲ ಮ್ಯಾಲೆ ಬರೆದ ದೇವರ ಹೆಸರು ಕಾಣ್ತಿತ್ತು. ಅದನ್ನೇ ಕಡ್ಡಿ ತಗೊಂಡು ಮಣ್ಣಾಗೆ ಗೀಚಿ ಗೀಚಿ ಅಕ್ಷರ ಕಲ್ತೆ. ನನ್ನ ಹೊಟ್ಟೆ ತುಂಬಿಸಿದ್ದು ಆ ಹೆಸರೇ, ಸುಳ್ಳು ಹೇಳಲ್ಲ. ಆದರೆ ಹೊರಗೆ ಕೂರಿಸಿದ್ದೂ ಅದೇ ಹೆಸರಿನ ಕೆಳಗೆ.”

“ನಮ್ಮ ಕರ್ತನ ಹೆಸರಿನ ಕೆಳಗೆ ಯಾರೂ ಹೊರಗೆ ಕೂರಲ್ಲ” ಎಂದರು ದೇವಪುತ್ರಪ್ಪ.

ಸಮಾಧಾನಪ್ಪ ಗೋಡೆಯ ಮೇಲಿನ ತನ್ನದೇ ನೀಲಿ ಅಕ್ಷರಗಳನ್ನು ನೋಡಿದ. ಆಮೇಲೆ ಹಿಂದಕ್ಕೆ ಕೈ ತೋರಿಸಿದ.

“ನಮ್ಮವ್ವ ಎಲ್ಲಿ ಕೂತಾಳೆ ನೋಡ್ರಿ.”

ಯಾರೂ ತಿರುಗಿ ನೋಡಲಿಲ್ಲ. ನೋಡುವುದು ಬೇಕಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ದುರುಗಕ್ಕ ಮಾತ್ರ ತನ್ನಿಂದ ಏನೋ ತಪ್ಪಾಗಿದೆ ಎಂದುಕೊಂಡು ಸೆರಗು ಎಳೆದುಕೊಂಡು ಇನ್ನಷ್ಟು ಗೋಡೆಗೆ ಒತ್ತಿ ಕೂತಳು. ಅದನ್ನು ಕಂಡು ಸಮಾಧಾನಪ್ಪ ಮತ್ತೆ ಹಿರಿಯರ ಕಡೆ ತಿರುಗಿದ.

“ಅವ್ವನ್ನ ಚಾಪೆ ಮ್ಯಾಲೆ ಬಿಟ್ಟು ಬೆಂಚಿನ ಮ್ಯಾಲೆ ಕೂತ ನಾನೂ ಪಾಪಿನೇ. ಬ್ಯಾರೆ ಯಾರನ್ನೂ ಬಯ್ಯಲ್ಲ. ಆದರೆ ಯಾರದೇ ಹೆಸರು ಮ್ಯಾಲೆ ಹಾಕಿದ್ರೂ ಕೆಳಗೆ ಒಬ್ಬರು ಹೊರಗೆ ಕೂರ್ತಾರೆ. ಆ ಒಂದು ಗೇಣು ಖಾಲಿನೇ ಇರ್ತೈತೆ. ಅವರೂ ಬರೆಯಂಗಿಲ್ಲ, ನಾವೂ ಬರೆಯಂಗಿಲ್ಲ.”

ದೇವಪುತ್ರಪ್ಪನವರ ಮುಖ ಕೆಂಪಾಯಿತು. ಸತ್ಯ ಹೇಳಿದ್ದಕ್ಕಿಂತ ಸಭೆಯಲ್ಲಿ ಹೇಳಿದ್ದು ಅವರಿಗೆ ಹೆಚ್ಚು ನೋವು ತಂದಿತ್ತು. “ದೇವರ ಹೆಸರು ಬರೆಯಾಕೆ ಒಲ್ಲೆ ಅಂದ ಕೈ ಈ ಗೋಡೆ ಮುಟ್ಟಬಾರದು” ಎಂದರು. ಬೆಂಚಿನವರು ಹೂಂ ಎಂದರು. ಚಾಪೆಯವರನ್ನು ಯಾರೂ ಕೇಳಲಿಲ್ಲ. ಅಂದಿನಿಂದ ಸಮಾಧಾನಪ್ಪ ಬೆಂಚು ಬಿಟ್ಟು ತಾಯಿಯ ಪಕ್ಕ ಚಾಪೆಯಲ್ಲಿ ಕೂರತೊಡಗಿದ. ಸಭೆ ಬಿಡುತ್ತಾನೆ ಎಂದು ಕೆಲವರು ಕಾದರು. ಅವನೇನೂ ಬಿಡಲಿಲ್ಲ.

ಮರುವರ್ಷದ ವಾಕ್ಯ ಬರೆಯಲು ದಾವಣಗೆರೆಯಿಂದ ಒಬ್ಬ ಪೇಂಟರ್ ಬಂದ. ಅವನ ಅಕ್ಷರಗಳು ಬೆಟ್ಟ ಹತ್ತಿದವು, ಇಳಿದವು, ಕೊನೆಯ ಮಾತಿಗೆ ಜಾಗ ಸಾಲದೆ ಮೂಲೆಯಲ್ಲಿ ಮುದುಡಿಕೊಂಡವು. ಸಮಾಧಾನಪ್ಪ ವರ್ಷವಿಡೀ ಪ್ರತಿ ಭಾನುವಾರ ಆ ಅಕ್ಷರಗಳ ಮುಂದೆ ಕೂತು ಹಲ್ಲು ಕಚ್ಚಿದ. ಅದಾದರೂ ಸಹಿಸಬಹುದಿತ್ತು. ಹೊಸ ವರ್ಷದ ದಿನ ದುರುಗಕ್ಕ ಎಂದಿನಂತೆ ಮುಂದೆ ಹೋಗಿ ಎರಡು ಅಕ್ಷರ ಸವರಿ, ಕೈ ಹಿಂದೆ ತೆಗೆದುಕೊಂಡು, “ಇದು ನಿನ್ನ ಕೈಯಲ್ಲ” ಎಂದು ಬಂದು ಕೂತದ್ದನ್ನು ಸಹಿಸುವುದು ಕಷ್ಟವಾಯಿತು. ಆಮೇಲೆ ಅವಳು ಗೋಡೆಯ ಹತ್ತಿರ ಹೋಗಲಿಲ್ಲ.

ನಲ್ಲೂರಿನ ಗೋಡೆಯನ್ನು ಮಾತ್ರ ಅವನು ಬಿಡಲಿಲ್ಲ. ಪ್ರತಿ ಜನವರಿ ಇಪ್ಪತ್ತಕ್ಕೆ ಸುಣ್ಣದ ಡಬ್ಬಿ, ಹಳೆಯ ಬಟ್ಟೆ, ಕಪ್ಪು ಬಣ್ಣ ತೆಗೆದುಕೊಂಡು ಹೋಗುತ್ತಿದ್ದ. ಯಾರೂ ಕರೆದಿರಲಿಲ್ಲ, ಯಾರೂ ಕೂಲಿ ಕೊಡುತ್ತಿರಲಿಲ್ಲ. ಮಾಸಿದ ಅಕ್ಷರಗಳನ್ನು ತಿದ್ದಿ, ಮೇಲಿನ ಒಂದು ಗೇಣಿಗೆ ಹೊಸದಾಗಿ ಸುಣ್ಣ ಬಳಿದು ಬರುತ್ತಿದ್ದ. ಒಂದು ವರ್ಷ ಅಲ್ಲಿ ವಿಭೂತಿಯ ಮೂರು ಗೆರೆ, ಒರೆಸಿದ. ಮತ್ತೊಂದು ವರ್ಷ ಕುಂಕುಮ, ಒರೆಸಿದ. ದೂರದಲ್ಲಿ ಪಂಚಾಕ್ಷರಪ್ಪ ಛತ್ರಿ ಊರಿಕೊಂಡು ನಿಂತು ನೋಡುತ್ತಿದ್ದರು, ಮಾತಾಡುತ್ತಿರಲಿಲ್ಲ. ‘ನೋಡೋಣ, ಯಾವತ್ತು ತನ್ನ ದೇವರನ್ನ ತಂದು ಕೂರಿಸ್ತಾನೋ’ ಎಂಬ ಮುಖ.

ಎಂಬತ್ತೊಂದರ ಜನವರಿಯಲ್ಲಿ ಹೋದಾಗ ಆ ಗೇಣಿನಲ್ಲಿ ಇದ್ದಲಿನಿಂದ ಬರೆದ ಶಿಲುಬೆಯಿತ್ತು.

ಸಮಾಧಾನಪ್ಪ ಡಬ್ಬಿ ಕೆಳಗಿಟ್ಟ. ಬರೆದವರ ಕೈ ಪಳಗಿದ್ದಲ್ಲ, ಆದರೆ ನಿಧಾನವಾಗಿ, ಭಯಭಕ್ತಿಯಿಂದ ಎಳೆದ ಗೆರೆಗಳು. ತಾಯಿಗೆ ಅನ್ನ ಕೊಟ್ಟದ್ದು, ತನಗೆ ಹೆಸರು ಕೊಟ್ಟದ್ದು ಆ ಶಿಲುಬೆಯೇ. ಕಾಯಿಲೆ ಬಿದ್ದಾಗ ಅವನು ಕಣ್ಣುಮುಚ್ಚಿ ಕಾಣುತ್ತಿದ್ದದ್ದೂ ಅದನ್ನೇ. ಬಟ್ಟೆ ಹಿಡಿದ ಕೈ ಮೇಲೇಳಲಿಲ್ಲ. ಹಿಂದೆ ಪಂಚಾಕ್ಷರಪ್ಪ ಬಂದು ನಿಂತದ್ದು ಅವನಿಗೆ ಗೊತ್ತಾಯಿತು.

“ಇದನ್ನ ಒರೆಸ್ತೀಯೇನೋ?” ಎಂದರು ಅವರು. ನಾಲ್ಕು ವರ್ಷದ ಮೇಲೆ ಆಡಿದ ಮೊದಲ ಮಾತು.

ಸಮಾಧಾನಪ್ಪ “ಕರ್ತನೇ, ನಿನ್ನನ್ನಲ್ಲ, ಇದ್ದಲನ್ನ ಒರೆಸ್ತಾ ಇದೀನಿ” ಎಂದು ಒಳಗೊಳಗೇ ಹೇಳಿಕೊಂಡು, ವಿಭೂತಿ ಒರೆಸಿದ್ದ, ಕುಂಕುಮ ಒರೆಸಿದ್ದ ಅದೇ ಬಟ್ಟೆಯನ್ನು ನೀರಿಗೆ ಅದ್ದಿ, ಶಿಲುಬೆಯನ್ನು ಮೇಲಿನಿಂದ ಕೆಳಕ್ಕೆ ಒರೆಸಿದ. ಆಮೇಲೆ ಸುಣ್ಣ ಬಳಿದ. ಬಳಿಯುವಾಗ ಅವನ ಕಣ್ಣಲ್ಲಿ ನೀರು ಬಂದಿತ್ತು, ಸುಣ್ಣದ ಖಾರಕ್ಕೆ ಎಂದುಕೊಂಡರೂ ಅಡ್ಡಿಯಿಲ್ಲ. ಪಂಚಾಕ್ಷರಪ್ಪ ಛತ್ರಿ ಮಡಚಿ ಕಂಕುಳಲ್ಲಿಟ್ಟುಕೊಂಡು, “ಬಿಸ್ಲಾಗೆ ಬಂದೀಯ, ಮನೀಗೆ ಬಾ, ಮಜ್ಜಿಗೆ ಕುಡ್ಕಂಡು ಹೋಗು” ಎಂದರು.

ಶಿಲುಬೆ ಒರೆಸಿದ ಸುದ್ದಿ ಚನ್ನಗಿರಿ ಮುಟ್ಟಲು ಎರಡು ದಿನ ಸಾಕಾಯಿತು. ಸಭೆಯಲ್ಲಿ ಅವನ ಜೊತೆ ಮಾತು ಬಿಟ್ಟವರಿದ್ದರು. ‘ಶಿಲುಬೆ ಒರೆಸಿದವನು’ ಎಂಬ ಹೆಸರೂ ಅಂಟಿಕೊಂಡಿತು. ದೇವಪುತ್ರಪ್ಪ ಮಾತ್ರ ಆ ವಿಷಯ ಎತ್ತಲೇ ಇಲ್ಲ. ಅವರು ಸುಮ್ಮನಿದ್ದದ್ದು ಏಕೆಂದು ಆಗ ಸಭೆಯವರಿಗೆ ತಿಳಿಯಲಿಲ್ಲ.

ಅವರ ಬಾಯಿಂದಲೇ ಅದು ಹೊರಬಂದದ್ದು ೧೯೮೬ರ ಡಿಸೆಂಬರಿನಲ್ಲಿ. ಒಂದು ಮಧ್ಯಾಹ್ನ ದೇವಪುತ್ರಪ್ಪ ಸೂಜಿಪೆಟ್ಟಿಗೆ ಹಿಡಿದುಕೊಂಡು ಸಮಾಧಾನಪ್ಪನ ಅಂಗಡಿಗೆ ಬಂದರು. ವಯಸ್ಸು ಎಪ್ಪತ್ತು ದಾಟಿತ್ತು, ಮಂಡಿ ನೋವಿಗೆ ಕಾಲೆಳೆಯುತ್ತಿದ್ದರು. ಬಣ್ಣದ ಡಬ್ಬಿಗಳ ನಡುವೆ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಉಸಿರು ಸುಧಾರಿಸಿಕೊಂಡರು.

“ನಲ್ಲೂರಿನಿಂದ ಬರ್ತಾ ಇದೀನಿ. ಪಂಚಾಕ್ಷರಪ್ಪಂಗೆ ಸಕ್ಕರೆ ಕಾಯಿಲೆ, ಸೂಜಿ ಹಾಕಾಕೆ ಹೋಗಿದ್ದೆ. ನಾನಿದ್ದಾಗಲೇ ಎಲ್ಲಿಂದಲೋ ಏಳೆಂಟು ಜನ ಬಂದ್ರು. ಬಣ್ಣ, ಬ್ರಷ್ ಎಲ್ಲಾ ತಂದಿದ್ರು. ಶಾಲೆ ಗ್ವಾಡೆ ಮ್ಯಾಲೆ ಜಾಗ ಖಾಲಿ ಐತೆ, ನಮ್ಮ ದೇವರ ಹೆಸರು ಬರೀತೀವಿ ಅಂದ್ರು. ಇನ್ನೂ ಏನೇನೋ ಅಂದ್ರು, ನಮ್ಮಂಥೋರ ಬಗ್ಗೆ.”

ಸಮಾಧಾನಪ್ಪ ಕೈಯಲ್ಲಿದ್ದ ಬ್ರಷ್ ಇಟ್ಟುಬಿಟ್ಟ. “ಬರೆದ್ರಾ?”

“ಪಂಚಾಕ್ಷರಪ್ಪ ಅಂಗಿ ತೋಳು ಇಳಿಸಿಕಂಡು ಎದ್ದು ಹೋಗಿ ಗ್ವಾಡೆಗೆ ಬೆನ್ನು ಕೊಟ್ಟು ನಿಂತ. ‘ಅಲ್ಲಿ ಬಸವಣ್ಣನ ಹೆಸರು ಬರೆಸಾಕೆ ಅಧ್ಯಕ್ಷ ಆದ ನನ್ನ ಕೈಲೇ ಆಗಿಲ್ಲ, ನೀವ್ಯಾರ್ರೀ?’ ಅಂದ. ಅವರು ಜೋರು ಮಾಡಿದ್ರು. ‘ಆ ಪೇಂಟರ್ ತನ್ನ ದೇವರ ಶಿಲುಬೆನೇ ತನ್ನ ಕೈಯಾಗೆ ಒರೆಸ್ಯಾನೆ, ನಾನು ಕಣ್ಣಾರೆ ಕಂಡೀನಿ. ಅವನು ತನ್ನದನ್ನ ಒರೆಸಿದ ಮ್ಯಾಲೆ ನಾನು ಯಾರದನ್ನೂ ಬರೆಯಾಕೆ ಬಿಡಂಗಿಲ್ಲ’ ಅಂದ. ಊರೋರು ಸೇರಿದ್ರು. ಅವರು ಬಣ್ಣ ಎತ್ತಿಕೊಂಡು ಹೋದ್ರು.”

ದೇವಪುತ್ರಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಆ ಶಿಲುಬೆ ಬರೆದವನು ನಾನೇ ಕಣೋ.”

ಈ ಸೀಮೆಯಲ್ಲಿ ಸೂಜಿಪೆಟ್ಟಿಗೆ ಹಿಡಿದು ನಲ್ಲೂರಿಗೆ ಹೋಗಿಬರುತ್ತಿದ್ದ ಕ್ರೈಸ್ತರು ಎಷ್ಟು ಜನ? ಸಮಾಧಾನಪ್ಪನಿಗೆ ಆರು ವರ್ಷದಿಂದ ಗೊತ್ತಿತ್ತು.

“ನಾವು ಮೊದಲು ಬರೆದ್ರೆ ಉಳೀತೀವಿ ಅಂದ್ಕಂಡಿದ್ದೆ. ನನ್ನ ಶಿಲುಬೆ ಅಲ್ಲಿ ಇದ್ದಿದ್ರೆ ಇವತ್ತು ಪಂಚಾಕ್ಷರಪ್ಪನೇ ಅವರ ಕೈಗೆ ಬ್ರಷ್ ಕೊಡ್ತಿದ್ದ.” ಹಿರಿಯರು ಕನ್ನಡಕ ಹಾಕಿಕೊಂಡರು. “ಈ ವರ್ಷದ ವಾಕ್ಯ ನೀನೇ ಬರೀಬೇಕು. ಗೋಡೆ ನಿಂದು. ಸಭೆಗೆ ನಾನು ಹೇಳ್ತೀನಿ.”

ಹತ್ತು ವರ್ಷ ಕಾದ ಮಾತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಮ್ಮ ಸಮಾಧಾನಪ್ಪ ಹೂಂ ಎನ್ನುವ ಪೈಕಿಯವನೇ?

“ಗೋಡೆ ಆಮ್ಯಾಲೆ ಹಿರಿಯರೇ. ಮೊದಲು ಬೆಂಚು” ಎಂದ.

“ಅಂದ್ರೆ?”

“ಎಲ್ಲರಿಗೂ ಬೆಂಚು ಮಾಡಿಸ್ರಿ, ಇಲ್ಲಾಂದ್ರೆ ಎಲ್ಲರಿಗೂ ಚಾಪೆ ಹಾಕ್ರಿ. ಅಲ್ಲಿವರೆಗೂ ನಾನು ಬ್ರಷ್ ಹಿಡಿಯಲ್ಲ. ಕೆಳಗೆ ಕೂತೋರು ಹಿಂದೆ ಕೂತೇ ಇದ್ರೆ ಮ್ಯಾಲೆ ಎಷ್ಟು ಚಂದ ಬರೆದು ಏನು ಬಂತು?”

ದೇವಪುತ್ರಪ್ಪ ಸಿಟ್ಟಾದರೋ, ನೊಂದರೋ, ಅವನಿಗೆ ತಿಳಿಯಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹೊಸ್ತಿಲು ಇಳಿದು ಹೋದರು. ರಾತ್ರಿ ಊಟಕ್ಕೆ ಕೂತಾಗ ನಿರ್ಮಲಮ್ಮ, “ಬಂದ ಗೋಡೆನೂ ಕಳ್ಕಂಡ್ರಿ” ಎಂದಳು. ಹಾಗೆ ಅಂದರೂ ಅವಳ ದನಿಯಲ್ಲಿ ಬೇಸರವಿರಲಿಲ್ಲ, ಒಂದು ರೊಟ್ಟಿ ಹೆಚ್ಚಿಗೆ ಬಡಿಸಿದಳು.

ವರ್ಷದ ಕೊನೆಯ ಭಾನುವಾರ ಸಮಾಧಾನಪ್ಪ ತಾಯಿಯ ಕೈಹಿಡಿದು ಮಂದಿರದೊಳಗೆ ಬಂದ. ದುರುಗಕ್ಕನ ಬೆನ್ನು ಬಾಗಿತ್ತು, ಕಣ್ಣು ಮಂಜಾಗಿತ್ತು. ಅವಳು ಅಭ್ಯಾಸದಂತೆ ಹಿಂದಿನ ಗೋಡೆಯ ಕಡೆ ತಿರುಗಿದಳು, ಅಲ್ಲಿ ಚಾಪೆ ಇರಲಿಲ್ಲ. ನಾಲ್ಕು ಬೆಂಚುಗಳನ್ನೂ ಹೊರಗೆ ಬೇವಿನ ಮರದ ಕೆಳಗೆ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಮಂದಿರದ ತುಂಬ, ಮುಂದಿನ ಗೋಡೆಯ ಬುಡದವರೆಗೂ ಚಾಪೆ ಹಾಸಿತ್ತು. ಹಳೆಯ ಮನೆಗಳವರು ಕೆಲವರು ಇನ್ನೂ ಬಾಗಿಲಲ್ಲೇ ನಿಂತು ಚಪ್ಪಲಿ ಬಿಡುವುದೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಇಬ್ಬರು ಮೂವರು ಸಿಡುಕಿ ಮನೆಗೆ ವಾಪಸು ಹೋದರು. ಮುಂದಿನ ಗೋಡೆಗೆ ಆಗಲೇ ಸುಣ್ಣ ಬಳಿದಿತ್ತು, ಬುಡದಲ್ಲಿ ನೀಲಿ ಬಣ್ಣದ ಡಬ್ಬಿ ಮತ್ತು ಒಂದು ಹೊಸ ಬ್ರಷ್ ಇದ್ದವು.

ಸಮಾಧಾನಪ್ಪ ತಾಯಿಯನ್ನು ಎಲ್ಲರಿಗಿಂತ ಮುಂದೆ, ಡಬ್ಬಿಯ ಪಕ್ಕ ಕೂರಿಸಿದ. ತಾನು ಗೋಡೆಯ ಕಡೆ ತಿರುಗಿ ನಿಂತ. ಅವನಿಗೆ ಯಾರ ಮುಖವನ್ನೂ ನೋಡುವ ಧೈರ್ಯವಿರಲಿಲ್ಲ, ನೋಡಿದ್ದರೆ ಅತ್ತುಬಿಡುತ್ತಿದ್ದ.

ದೇವಪುತ್ರಪ್ಪ ಕೋಲು ಊರಿಕೊಂಡು ಒಳಗೆ ಬಂದರು. ಎಪ್ಪತ್ತು ವರ್ಷ ಬೆಂಚಿನ ಮೇಲೆ ಕೂತ ಮನುಷ್ಯನಿಗೆ ನೆಲದ ಮೇಲೆ ಕೂರುವುದು ಹೇಗೆಂದು ಮರೆತುಹೋಗಿತ್ತು. ಒಂದು ಮಂಡಿ ಮಡಚಿದರು, ನರಳಿದರು, ಗೋಡೆ ಹಿಡಿದರು, ಕೊನೆಗೆ ದುರುಗಕ್ಕನ ಪಕ್ಕದಲ್ಲಿ ಧೊಪ್ಪೆಂದು ಕೂತರು. ಹಿಂದೆ ಬಾಗಿಲಲ್ಲಿ ನಿಂತಿದ್ದವರು ಒಬ್ಬೊಬ್ಬರೇ ಚಪ್ಪಲಿ ಬಿಟ್ಟರು.

ದುರುಗಕ್ಕ ಪಕ್ಕದಲ್ಲಿ ಕೂತವರು ಯಾರೆಂದು ಮಂಜುಗಣ್ಣಿನಿಂದ ನೋಡಿದಳು. ಗುರುತು ಸಿಕ್ಕಿತು. ತನ್ನ ಸೆರಗನ್ನು ಎಳೆದುಕೊಂಡು, ಚಾಪೆಯ ಮೇಲೆ ಸ್ವಲ್ಪ ಸರಿದಳು.

“ಇನ್ನೊಂಚೂರು ಈ ಕಡೀಗೆ ಬರ್ರಿ, ಯಪ್ಪಾ. ಆ ಕಡೆ ನೆಲ ತಣ್ಣಗೈತೆ” ಎಂದಳು.